ಆತ್ಮರಕ್ಷಣೆಯ ಪಿಸ್ತೂಲು: ಬೋರಿನ ಪ್ರಶ್ನೆ

ಪಿಸ್ತೂಲಿನ ಲೈಸೆನ್ಸು ಕೈಸೇರಿದ ಗೃಹಸ್ಥನು ಬಂದೂಕಿನ ಅಂಗಡಿಯ ಮೆಟ್ಟಿಲು ಹತ್ತುವುದಕ್ಕೆ ಮುಂಚೆ ತನ್ನ ಮಿತ್ರವರ್ಗವನ್ನು ಕೇಳುವ ಪ್ರಶ್ನೆ ಒಂದೇ: “ಯಾವ ಬೋರಿನದನ್ನು ಕೊಳ್ಳಲಿ?” ಉತ್ತರ ಕೊಡುವವರಿಗೆ ನಮ್ಮಲ್ಲಿ ಎಂದಿಗೂ ಬರವಿಲ್ಲ. ಸೈನ್ಯದಿಂದ ನಿವೃತ್ತರಾದವರು 9 ಮಿಲಿಮೀಟರಿನ ಗುಣಗಾನ ಮಾಡುವರು. ಹಳೆಯ ಶಿಕಾರಿಗಳು .45ಕ್ಕೆ ಕಡಿಮೆಯಾದುದೆಲ್ಲ ಮಕ್ಕಳ ಆಟಿಕೆಯೆಂದು ತಳ್ಳಿಹಾಕುವರು. ಪೇಟೆಯಲ್ಲಿ ದೊರೆಯುವ .32ರ ಹೆಸರೆತ್ತಿದರೆ ಇಬ್ಬರೂ ಕೂಡಿ ನಗುವರು. ಪಾಪ, ಕೇಳಿದವನು ದುಡ್ಡು ತೆತ್ತು ಕೊಂಡದ್ದು ಕೆಲಸಕ್ಕೆ ಬಾರದ ವಸ್ತುವೋ ಏನೋ ಎಂಬ ಅಳುಕಿನಿಂದಲೇ ಮನೆಗೆ ಹಿಂದಿರುಗುತ್ತಾನೆ. ಪ್ರಾಣದ ಹಂಗಿಗೆ ಸಂಬಂಧಪಟ್ಟ ಈ ಪ್ರಶ್ನೆಯನ್ನು ಕ್ಷುಲ್ಲಕವೆಂದು ನಾವು ಭಾವಿಸುವುದಿಲ್ಲ. ಆದರೆ ಅದನ್ನು ಮೊದಲ ಪ್ರಶ್ನೆಯನ್ನಾಗಿ ಇಟ್ಟುಕೊಂಡದ್ದರಲ್ಲಿಯೇ ಒಂದು ಪ್ರಮಾದವಿದೆಯೆಂದು ತೋರಿಸುವುದು ಈ ಲೇಖನದ ಉದ್ದೇಶ.

ಬೋರು ಎಂದರೆ ನಳಿಗೆಯ ಒಳವ್ಯಾಸ. .32 ಎಂದರೆ ಸ್ಥೂಲವಾಗಿ ಅಂಗುಲದ ನೂರು ಪಾಲುಗಳಲ್ಲಿ ಮೂವತ್ತೆರಡು. ಆದರೆ ಹೆಸರನ್ನೇ ನಂಬಿದವನು ಮೋಸಹೋಗುತ್ತಾನೆ. .38 ಎಂದು ಕರೆಯಿಸಿಕೊಳ್ಳುವ ಅಮೆರಿಕದ ‘ಸ್ಪೆಷಲ್’ ತೋಟಾದ ಗುಂಡಿನ ನಿಜವಾದ ಅಳತೆ .357, ‘.357 ಮ್ಯಾಗ್ನಮ್’ ತೋಟಾದ ಗುಂಡೂ ಅದೇ ಅಳತೆಯದು. ಆದರೂ ಎರಡರ ಬಲದಲ್ಲಿ ಅಜಗಜಾಂತರ. ನಮ್ಮ ಪೇಟೆಯ .32 ಪಿಸ್ತೂಲು, .32 ರಿವಾಲ್ವರು ಇವೆರಡರ ತೋಟಾಗಳೂ ಬೇರೆಬೇರೆ. ಒಂದನ್ನು ಇನ್ನೊಂದಕ್ಕೆಂದು ಮಾಡಿದ್ದಲ್ಲ. ವ್ಯಾಸವೊಂದೇ ಬಲವನ್ನು ಹೇಳಲಾರದು. ಗುಂಡಿನ ತೂಕ, ಮದ್ದಿನ ಒತ್ತಡ, ವೇಗ ಇವೆಲ್ಲವೂ ಲೆಕ್ಕಕ್ಕೆ ಬರಬೇಕು.

ಬೋರನ್ನು ಆರಿಸಿದವರು ಯಾರು?

ನಮ್ಮ ದೇಶದ ನಾಗರಿಕನಿಗೆ ಬೋರನ್ನು ಆರಿಸುವ ಸ್ವಾತಂತ್ರ್ಯವು ಬಹಳ ಕಡಿಮೆ. ಆಯ್ಕೆಯನ್ನು ಕಾನೂನು ಆಗಲೇ ಮಾಡಿ ಮುಗಿಸಿದೆ. ಸರ್ವಿಸ್ 9 ಮಿಲಿಮೀಟರು, .380, .455 ಮೊದಲಾದ ಸೈನ್ಯದ ಮತ್ತು ಪೋಲೀಸರ ತೋಟಾಗಳನ್ನು ಹಾರಿಸಬಲ್ಲ ಕೈಬಂದೂಕುಗಳೆಲ್ಲ ನಿಷಿದ್ಧ ಬೋರಿನ ವರ್ಗಕ್ಕೆ ಸೇರಿ, ಸಾಮಾನ್ಯನ ಕೈಗೆ ಎಟುಕದಂತಾಗಿವೆ. ಸರ್ಕಾರಿ ಉಗ್ರಾಣದಿಂದ ಕದ್ದ ತೋಟಾ ಖಾಸಗಿ ಆಯುಧದಲ್ಲಿ ಉಪಯೋಗವಾಗಬಾರದು ಎಂಬುದು ಈ ವಿಂಗಡಣೆಯಿಂದ ಹೊರಡುವ ತತ್ತ್ವ. ವಿದೇಶೀ ಆಯುಧಗಳ ಆಮದು 1980ರ ದಶಕದಿಂದ ಸಾಮಾನ್ಯ ಗ್ರಾಹಕನ ಪಾಲಿಗೆ ಬಹುಮಟ್ಟಿಗೆ ಮುಚ್ಚಿಹೋಯಿತು. ಆದುದರಿಂದ ಲೈಸೆನ್ಸುದಾರನಿಗೆ ಮುಖ್ಯವಾಗಿ ಉಳಿದದ್ದು ಕಾನ್ಪುರ ಮೊದಲಾದ ಕಡೆಗಳ ಸರ್ಕಾರಿ ಕಾರ್ಖಾನೆಗಳ .32. ಅದರಲ್ಲಿಯೇ 2014ರಲ್ಲಿ ‘ನಿರ್ಭೀಕ್’ ಎಂಬ ಸುಮಾರು 500 ಗ್ರಾಂ ತೂಕದ ಹಗುರವಾದ ರಿವಾಲ್ವರು ಸ್ತ್ರೀಯರನ್ನು ಉದ್ದೇಶಿಸಿ ಹೊರಬಂದಿತು. ಅಂದು ಅದರ ಬೆಲೆ 1,22,360 ರೂಪಾಯಿ. 2023ರಲ್ಲಿ ‘ಪ್ರಬಲ್’ ಎಂಬ ಇನ್ನೊಂದು .32 ರಿವಾಲ್ವರು ಬಂದಿತು.

ಆಯುಧದ ಮೇಲಣ ಈ ಕಟ್ಟುಗಳಿಗೆ ದೀರ್ಘವಾದ ಹಿನ್ನೆಲೆಯುಂಟು. 1878ರಲ್ಲಿ ಲಾರ್ಡ್ ಲಿಟ್ಟನ್ನನ ಆಡಳಿತದಲ್ಲಿ ಜಾರಿಗೆ ಬಂದ ಆಯುಧ ಶಾಸನವು ಒಂದು ಜನಾಂಗವನ್ನೇ ನಿರಾಯುಧವನ್ನಾಗಿ ಮಾಡಿತೆಂದು ನಮ್ಮ ಹಿರಿಯರು ಕಡೆಯವರೆಗೂ ದೂರಿದರು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಧರಿಸುವ ಹಕ್ಕೂ ಒಂದಾಗಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಹೆಚ್.ವಿ. ಕಾಮತರು ಅದೇ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಯಾರು ಬೇಕಾದರೂ ಪೇಟೆಗೆ ಹೋಗಿ ನಿರಾತಂಕವಾಗಿ ಆಯುಧ ಕೊಳ್ಳುವಂತಾದರೆ ರಾಜ್ಯಾಡಳಿತ ಸಾಗುವುದು ಹೇಗೆಂದು ಡಾಕ್ಟರ್ ಅಂಬೇಡ್ಕರರು ಕೇಳಿದರು, ತಿದ್ದುಪಡಿ ಬಿದ್ದುಹೋಯಿತು. 1959ರ ಆಯುಧ ಶಾಸನವು ಹಳೆಯದನ್ನು ತೆಗೆದು ನಾಗರಿಕನಿಗೆ ಒಂದಿಷ್ಟು ಬಾಗಿಲು ತೆರೆಯಿತಾದರೂ ಲೈಸೆನ್ಸಿನ ತತ್ತ್ವವನ್ನು ಬಿಡಲಿಲ್ಲ. ಅಂಬೇಡ್ಕರರ ಮಾತಿನಲ್ಲಿ ನ್ಯಾಯವುಂಟು. ಕಾಮತರ ಮಾತಿನಲ್ಲಿಯೂ ಸ್ವಾಭಿಮಾನವುಂಟು. ಅದಿರಲಿ. .32 ಬೋರು ನಿಜವಾಗಿಯೂ ನಗೆಪಾಟಲಿನ ವಸ್ತುವೇ ಎಂಬುದೀಗ ವಿಚಾರಾರ್ಹ.

ಅಮೆರಿಕದ ಒಂದು ಶತಮಾನ

ಈ ಬೋರಿನ ಜಿಜ್ಞಾಸೆಗಾಗಿ ಹಣವನ್ನೂ ರಕ್ತವನ್ನೂ ಹೇರಳವಾಗಿ ವೆಚ್ಚ ಮಾಡಿದ ದೇಶ ಅಮೆರಿಕ. ಫಿಲಿಪ್ಪೈನ್ಸ್ ದ್ವೀಪಗಳಲ್ಲಿ ಮೊರೊ ಯೋಧರ ಮೇಲೆ .38 ರಿವಾಲ್ವರನ್ನು ಹಾರಿಸಿದರೂ ಅವರು ನಿಲ್ಲದೆ ಮೇಲ್ವಾಯ್ದು ಬಂದರೆಂದು ಅಲ್ಲಿಯ ಸೈನ್ಯಕ್ಕೆ ದೂರುಗಳು ಬಂದವು. 1904ರಲ್ಲಿ ಥಾಮ್ಸನ್ ಮತ್ತು ಲಗಾರ್ಡ್ ಎಂಬ ಅಧಿಕಾರಿಗಳಿಬ್ಬರು ಷಿಕಾಗೋವಿನ ಕಸಾಯಿಖಾನೆಯ ದನಗಳ ಮೇಲೆಯೂ ಮಾನವ ಶವಗಳ ಮೇಲೆಯೂ ನಾನಾ ಬೋರುಗಳನ್ನು ಪರೀಕ್ಷಿಸಿ, .45ಕ್ಕೆ ಕಡಿಮೆಯಾದುದು ಸಲ್ಲದೆಂದು ವರದಿ ಮಾಡಿದರು. 1911ರ ಪ್ರಸಿದ್ಧ .45 ಪಿಸ್ತೂಲು ಆ ವರದಿಯ ಫಲ. .45ರ ಭಕ್ತರು ಇಂದಿಗೂ ಇದನ್ನು ವೇದವಾಕ್ಯದಂತೆ ಉದಾಹರಿಸುವುದುಂಟು. ಆದರೆ ಅದೇ ವರದಿಯ ಇನ್ನೊಂದು ಮಾತನ್ನು ಅವರು ಮರೆಯುತ್ತಾರೆ: ಸಿಪಾಯಿಗಳಿಗೆ ಗುರಿಯ ಅಭ್ಯಾಸವನ್ನು, ಅದರಲ್ಲಿಯೂ ಚಲಿಸುವ ಗುರಿಯ ಅಭ್ಯಾಸವನ್ನು, ಬಿಡುವಿಲ್ಲದೆ ಮಾಡಿಸಬೇಕೆಂಬ ಮಾತು.

ಅಲ್ಲಿಂದೀಚೆಗೆ ಲೋಲಕವು ಅತ್ತಿತ್ತ ತೂಗುತ್ತಲೇ ಬಂದಿದೆ. ಇಂಗ್ಲೆಂಡು ಮೊದಲನೆಯ ಮಹಾಯುದ್ಧದಲ್ಲಿ ಬಳಸಿದ ಭಾರವಾದ .455 ರಿವಾಲ್ವರನ್ನು ಬಿಟ್ಟು, ತರಬೇತಿಗೆ ಸುಲಭವಾಗಲೆಂದು 1930ರ ದಶಕದಲ್ಲಿ .380ಕ್ಕೆ ಇಳಿಯಿತು. ಅಮೆರಿಕದ ಸೈನ್ಯವೇ 1985ರಲ್ಲಿ .45ನ್ನು ಕೈಬಿಟ್ಟು 9 ಮಿಲಿಮೀಟರನ್ನು ಅಂಗೀಕರಿಸಿತು. 1986ನೆಯ ಏಪ್ರಿಲ್ 11ರಂದು ಮಯಾಮಿಯಲ್ಲಿ ಅಲ್ಲಿಯ ಕೇಂದ್ರ ತನಿಖಾ ದಳವಾದ ಎಫ್.ಬಿ.ಐ.ನ ಎಂಟು ಮಂದಿಗೂ ಇಬ್ಬರು ದರೋಡೆಕೋರರಿಗೂ ನಡೆದ ಕಾಳಗದಲ್ಲಿ ಇಬ್ಬರು ಅಧಿಕಾರಿಗಳು ಮಡಿದರು, ಐವರು ಗಾಯಗೊಂಡರು. ದರೋಡೆಕೋರನೊಬ್ಬನಿಗೆ ಕಾಳಗದ ಆರಂಭದಲ್ಲಿಯೇ ತಗುಲಿದ 9 ಮಿಲಿಮೀಟರಿನ ಗುಂಡು ತೋಳನ್ನು ಹಾಯ್ದು ಎದೆಯನ್ನು ಹೊಕ್ಕು, ಹೃದಯವನ್ನು ಮುಟ್ಟುವ ಮುನ್ನವೇ ನಿಂತುಬಿಟ್ಟಿತು. ಅವನು ಆ ಮರಣಾಂತಿಕ ಗಾಯವನ್ನು ಹೊತ್ತೇ ಹೋರಾಟವನ್ನು ಮುಂದುವರಿಸಿದನು.

ತಪ್ಪು ಬೋರಿನದೆಂದು ತೀರ್ಮಾನವಾಯಿತು. ದಳವು ಬಲವಾದ 10 ಮಿಲಿಮೀಟರಿಗೆ ಕೈಹಾಕಿತು. ಅದರ ಹಿನ್ನೂಕು ಅನೇಕರ ಕೈಗೆ ಮಿಗಿಲಾಯಿತು. ಅದನ್ನು ಸೌಮ್ಯಗೊಳಿಸಿ 1990ರಲ್ಲಿ .40 ಎಂಬ ಹೊಸ ತೋಟಾ ಹುಟ್ಟಿತು. ದೇಶದ ಪೋಲೀಸರೆಲ್ಲ ಅದಕ್ಕೆ ಮುಗಿಬಿದ್ದರು. ಕಟ್ಟಕಡೆಗೆ 2014ರಲ್ಲಿ ಅದೇ ಎಫ್.ಬಿ.ಐ.ನ ತರಬೇತಿ ವಿಭಾಗವು 9 ಮಿಲಿಮೀಟರೇ ಸಾಕು, ಅದನ್ನು ಹಿಡಿದ ಅಧಿಕಾರಿಗಳಲ್ಲಿ ಹೆಚ್ಚಿನವರು ಹೆಚ್ಚು ಬೇಗನೆಯೂ ಹೆಚ್ಚು ಕರಾರುವಾಕ್ಕಾಗಿಯೂ ಹೊಡೆಯುತ್ತಾರೆ ಎಂದು ಬರೆಯಿತು. ನಡುವೆ ಗುಂಡುಗಳ ರಚನೆ ಸುಧಾರಿಸಿತ್ತೆಂಬುದು ನಿಜ. ಆದರೆ ಆ ಬರಹದಲ್ಲಿದ್ದ ಇನ್ನೊಂದು ಅಂಕಿ ನಮ್ಮ ಗಮನವನ್ನು ಸೆಳೆಯತಕ್ಕುದು: ನಿಜವಾದ ಕಾಳಗದಲ್ಲಿ ಪೋಲೀಸರು ಹಾರಿಸಿದ ಗುಂಡುಗಳಲ್ಲಿ ಗುರಿ ಮುಟ್ಟುವುದು ಸರಾಸರಿ ನೂರಕ್ಕೆ 20ರಿಂದ 30. ಸಂಬಳ ಪಡೆದು ಅಭ್ಯಾಸ ಮಾಡುವವರ ಪಾಡೇ ಹೀಗಾದರೆ, ವರ್ಷಕ್ಕೊಮ್ಮೆಯೂ ಟ್ರಿಗರನ್ನು ಮುಟ್ಟದ ನಮ್ಮ ಗೃಹಸ್ಥನ ಪಾಡೇನು?

ಗುಂಡು ಮಾಡುವುದೇನು?

ಸಿನಿಮಾದಲ್ಲಿ ಗುಂಡು ತಗುಲಿದವನು ಹಾರಿಬೀಳುತ್ತಾನೆ. ಸೃಷ್ಟಿನಿಯಮದಲ್ಲಿ ಅದಕ್ಕೆ ಎಡೆಯಿಲ್ಲ. ಗುಂಡಿಗೆ ಎದುರಾಳಿಯನ್ನು ಎತ್ತಿ ಒಗೆಯುವ ಶಕ್ತಿಯಿದ್ದರೆ, ಅದನ್ನು ಹಾರಿಸಿದವನೂ ಹಿಂದಕ್ಕೆ ಒಗೆಯಲ್ಪಡಬೇಕಾಗಿತ್ತು. ಕೈಬಂದೂಕಿನ ಗುಂಡು ಮನುಷ್ಯನನ್ನು ಕೂಡಲೇ ನಿಲ್ಲಿಸುವುದು ಮೆದುಳಿಗೋ ಬೆನ್ನುಹುರಿಯ ಮೇಲ್ಭಾಗಕ್ಕೋ ತಗುಲಿದಾಗ ಮಾತ್ರ. ಉಳಿದಂತೆ ರಕ್ತಸ್ರಾವದಿಂದ ನಿಲ್ಲಿಸಬೇಕು. ಅದಕ್ಕೆ ಸಮಯ ಬೇಕು. ಹೃದಯವೇ ಛಿದ್ರವಾದರೂ ಮೆದುಳಿನಲ್ಲಿ ಉಳಿದ ಪ್ರಾಣವಾಯುವಿನಿಂದ ಮನುಷ್ಯನು 10–15 ಸೆಕೆಂಡುಗಳ ಕಾಲ ಬುದ್ಧಿಪೂರ್ವಕವಾಗಿ ಕೈಮಾಡಬಲ್ಲನೆಂದು ಅಮೆರಿಕದವರು 1989ರಲ್ಲಿಯೇ ಬರೆದಿಟ್ಟಿದ್ದಾರೆ. ಆದುದರಿಂದ ಮರ್ಮಸ್ಥಾನವನ್ನು ಮುಟ್ಟುವಷ್ಟು ಆಳ, ಅಲ್ಲಿಗೇ ಹೋಗುವಷ್ಟು ಗುರಿ, ಇವೆರಡೇ ಮುಖ್ಯ. ಆಳಕ್ಕೆ ಅವರು ಇಟ್ಟುಕೊಂಡ ಅಳತೆಗೋಲು ಪರೀಕ್ಷಾ ಜೆಲಟಿನ್ನಿನಲ್ಲಿ 12ರಿಂದ 18 ಅಂಗುಲ.

ಈ ದೃಷ್ಟಿಯಿಂದ ನೋಡಿದರೆ .32 ದುರ್ಬಲವೆಂಬುದನ್ನು ನಾವು ಮರೆಮಾಚುವುದಿಲ್ಲ. ರಿವಾಲ್ವರಿನ .32 ತೋಟಾದ ಶಕ್ತಿ 9 ಮಿಲಿಮೀಟರಿನದರ ಸುಮಾರು ಮೂರನೆಯ ಒಂದು ಪಾಲು. ಆದರೆ ಗುಂಡುಗಳ ಅಗಲದಲ್ಲಿರುವ ಅಂತರ ಒಂದು ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು, ಒಳಹೊಗುವ ಆಳದಲ್ಲಿಯೂ.32 ಜನರು ತಿಳಿದಷ್ಟು ಹಿಂದೆ ಬಿದ್ದಿಲ್ಲ. ಹಿನ್ನೂಕು ಕಡಿಮೆಯಾದ್ದರಿಂದ ಅಭ್ಯಾಸವಿಲ್ಲದ ಕೈಯೂ ವಯಸ್ಸಾದ ಕೈಯೂ ಎರಡನೆಯ ಗುಂಡನ್ನು ಗುರಿಯಿಂದ ತಪ್ಪದೆ ಹಾರಿಸಬಹುದು. .45ರಿಂದ ಗೋಡೆಗೆ ಹೊಡೆಯುವುದಕ್ಕಿಂತ .32ರಿಂದ ಎದೆಗೆ ಹೊಡೆಯುವುದು ಮೇಲು. .22ರ ವಿಷಯದಲ್ಲಿ ಮಾತ್ರ ನಮಗೆ ಸಂದೇಹ; ಅದರ ತೋಟಾದಲ್ಲಿ ಕಿಡಿಮದ್ದು ಅಂಚಿನಲ್ಲಿರುವುದರಿಂದ ಹೊತ್ತದೆ ಕೈಕೊಡುವುದು ಉಳಿದವುಗಳಿಗಿಂತ ಹೆಚ್ಚು.

ಇನ್ನು ಪಿಸ್ತೂಲೋ ರಿವಾಲ್ವರೋ ಎಂದರೆ, ವಿರಳವಾಗಿ ಅಭ್ಯಾಸ ಮಾಡುವವನಿಗೆ ರಿವಾಲ್ವರೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ತೋಟಾ ಇದೆಯೋ ಇಲ್ಲವೋ ಎಂಬುದು ಅದರಲ್ಲಿ ಸುಲಭವಾಗಿ ತಿಳಿಯುತ್ತದೆ. ಒಂದು ತೋಟಾ ಹೊತ್ತದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಇನ್ನೊಂದು ತೋಟಾ ಎದುರಿಗೆ ಬರುತ್ತದೆ. ತೀರ ಹಗುರವಾದುದು ಜೇಬಿಗೆ ಹಿತ, ಕೈಗೆ ಅಹಿತ. ಏಕೆಂದರೆ ತೂಕ ಕಡಿಮೆಯಾದಷ್ಟೂ ಅದೇ ತೋಟಾದ ಹಿನ್ನೂಕು ಹೆಚ್ಚುತ್ತದೆ.

ಬೋರಿಗಿಂತ ಮುಖ್ಯವಾದುದು

ಕೊಡಗಿನ ಉದಾಹರಣೆಯನ್ನು ಇಲ್ಲಿ ಹೇಳಬೇಕು. ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷ ವಿಸ್ತರಿಸಿತು. ಅಲ್ಲಿ ಕೋವಿಯು ಮನೆಯ ಹಿರಿಯನಂತೆ ಗೌರವ ಪಡೆದ ವಸ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ನಡೆಯುತ್ತದೆ. ಬಳಿಕ ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಅಲ್ಲಿ ಮೆಚ್ಚುಗೆ ಸಲ್ಲುವುದು ಕಾಯಿಯನ್ನು ಒಡೆದವನಿಗೆ. ಕೋವಿ ಎಷ್ಟು ದೊಡ್ಡದೆಂದು ಯಾರೂ ಕೇಳುವುದಿಲ್ಲ. ಆಯುಧದ ಜೊತೆಗೆ ಸಂಸ್ಕಾರವೂ ಬೆಳೆದುಬರಬೇಕೆಂಬುದು ಈ ಪದ್ಧತಿಯಿಂದ ನಾವು ಕಲಿಯತಕ್ಕ ಪಾಠ.

ಪಟ್ಟಣದ ಲೈಸೆನ್ಸುದಾರನಿಗೆ ಈ ಸಂಸ್ಕಾರವೆಲ್ಲಿ? ಅವನ ರಿವಾಲ್ವರು ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿರುತ್ತದೆ. ಚುನಾವಣೆ ಬಂದಾಗ ಪೋಲೀಸ್ ಠಾಣೆಯನ್ನು ಸೇರುತ್ತದೆ. ಮುಗಿದ ಮೇಲೆ ಮರಳಿ ಸೀರೆಗಳ ಕೆಳಗೆ ಬರುತ್ತದೆ. ಕಳ್ಳನು ಬರುವುದು ಎಂದೋ. ಮನೆಯ ಮಕ್ಕಳ ಕೈ ಬೀರುವನ್ನು ಮುಟ್ಟುವುದು ದಿನವೂ. ದಂಪತಿಗಳ ಕಲಹ, ಕುಡಿತದ ಅಮಲು, ಒಂದು ಗಳಿಗೆಯ ನಿರಾಶೆ, ಇವುಗಳ ಎದುರಿಗೆ .32 ಬೋರು ದುರ್ಬಲವೆಂದು ಯಾರೂ ಹೇಳಲಾರರು. ಬೀಗವಿಲ್ಲದ ಮನೆಗೆ ಆಯುಧವನ್ನು ತರುವವನು ಶತ್ರುವನ್ನೇ ಒಳಗೆ ಕರೆದಂತೆ. ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಗುಂಡು ಹಾರಿಸುವ ಚಪಲಕ್ಕಂತೂ 2019ರ ತಿದ್ದುಪಡಿಯು ಎರಡು ವರ್ಷಗಳವರೆಗಿನ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಿದೆ. ಅದು ತಕ್ಕ ಶಾಸನ.

ಗುಂಡು ನಳಿಗೆಯನ್ನು ಬಿಟ್ಟ ಮೇಲೆ ನ್ಯಾಯಾಲಯದಲ್ಲಿ ಎದುರಾಗುವ ಪ್ರಶ್ನೆ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಸ್ವರಕ್ಷಣೆಯ ಹಕ್ಕನ್ನು ನಾಗರಿಕನಿಗೆ ಕೊಟ್ಟಿವೆ. ಆದರೆ ಅವಶ್ಯಕ್ಕಿಂತ ಹೆಚ್ಚಿನ ಕೇಡನ್ನು ಮಾಡಕೂಡದು. ಪೋಲೀಸರ ನೆರವನ್ನು ಪಡೆಯಲು ಅವಕಾಶವಿದ್ದಲ್ಲಿ ಹಕ್ಕೇ ಇಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹೊಡೆದವನನ್ನು ನ್ಯಾಯಾಧೀಶರು ಬೋರು ಯಾವುದೆಂದು ಕೇಳುವುದಿಲ್ಲ. ಅಪಾಯ ಆಗಲೂ ಉಳಿದಿತ್ತೇ ಎಂದು ಕೇಳುತ್ತಾರೆ. ಆಯುಧ ಕೊಳ್ಳುವವನು ಈ ಹನ್ನೊಂದು ಕಲಮುಗಳನ್ನು ಒಮ್ಮೆಯಾದರೂ ಓದಿರಬೇಕು.

ಅಧಿಕಾರವರ್ಗಕ್ಕೂ ನಮ್ಮದೊಂದು ಬಿನ್ನಹವುಂಟು. 2016ರ ಆಯುಧ ನಿಯಮಗಳು ಲೈಸೆನ್ಸಿನ ಅರ್ಜಿದಾರನಿಗೆ ಸುರಕ್ಷತೆಯ ತರಬೇತಿಯನ್ನು ವಿಧಿಸಿವೆ. ನಿಯಮವು ಒಳ್ಳೆಯದು. ಆದರೆ ಪ್ರಮಾಣಪತ್ರವು ಕಡತಕ್ಕೆ ಸೇರಿದೊಡನೆ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. ಲೈಸೆನ್ಸು ಐದು ವರ್ಷಗಳಿಗೊಮ್ಮೆ ನವೀಕರಣಕ್ಕೆ ಬರುತ್ತದೆ. ಪ್ರತಿ ನವೀಕರಣದಲ್ಲಿಯೂ ಗುರಿಯ ಪರೀಕ್ಷೆಯೊಂದು ನಡೆಯಲಿ. ಜಿಲ್ಲಾ ಕೇಂದ್ರಗಳ ಪೋಲೀಸ್ ಗುರಿ ಮೈದಾನಗಳು ತಿಂಗಳಿಗೊಂದು ದಿನವಾದರೂ ಲೈಸೆನ್ಸುದಾರರಿಗೆ ತೆರೆದಿರಲಿ. ಅಭ್ಯಾಸದ ತೋಟಾಗಳು ನ್ಯಾಯವಾದ ಬೆಲೆಗೆ ದೊರೆಯಲಿ. ಆಯುಧವನ್ನು ಕೊಟ್ಟು ಅಭ್ಯಾಸವನ್ನು ಕೊಡದ ಸರ್ಕಾರವು ನಾಗರಿಕನನ್ನೂ ಕಾಯುವುದಿಲ್ಲ, ಅವನ ನೆರೆಯವನನ್ನೂ ಕಾಯುವುದಿಲ್ಲ.

ಗೃಹಸ್ಥನ ಮೂಲ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ. ಕಾನೂನು ಕೊಟ್ಟ ಬೋರು ಸಾಕು, ಅದನ್ನೇ ಕೊಳ್ಳಲಿ. ಆದರೆ ಕೊಳ್ಳುವುದಕ್ಕೆ ಮುಂಚೆ ತನ್ನ ಕೈ ನಡುಗದೇ, ಮನೆಯ ಬೀಗ ಭದ್ರವೇ, ಮನಸ್ಸು ಕೋಪಕ್ಕೆ ಎಡೆಗೊಡದಷ್ಟು ಗಟ್ಟಿಯೇ ಎಂದು ತನ್ನನ್ನೇ ಕೇಳಿಕೊಳ್ಳಲಿ. ಈ ಮೂರರಲ್ಲಿ ಒಂದಕ್ಕಾದರೂ ‘ಇಲ್ಲ’ವೆಂಬ ಉತ್ತರ ಬಂದರೆ, ಬಾಗಿಲಿಗೊಂದು ಗಟ್ಟಿಯಾದ ಅಗುಳಿಯನ್ನು ಹಾಕಿಸಿ, ನೆರೆಹೊರೆಯವರೊಡನೆ ಸ್ನೇಹದಿಂದಿರುವುದೇ ಅವನಿಗೆ ಶ್ರೇಯಸ್ಕರ.