ಗ್ಲೌಸ್ ತೊಟ್ಟ ಮಾತ್ರಕ್ಕೆ ಕೈ ಶುದ್ಧವಾಗದು

ಮಕ್ಕಳ ವಾರ್ಡಿನಲ್ಲಿ ನರ್ಸ್ ಬರಿಗೈಯಲ್ಲಿ ಮಗುವನ್ನು ಮುಟ್ಟಿದರೆ ಹೆತ್ತವರಿಗೆ ಆತಂಕ, ಗ್ಲೌಸ್ ತೊಟ್ಟು ಬಂದರೆ ನೆಮ್ಮದಿ. ಆ ಗ್ಲೌಸ್ ಅಷ್ಟರೊಳಗೆ ಪಕ್ಕದ ಮಂಚದ ಕಂಬಿ, ಡ್ರಿಪ್ ಸ್ಟ್ಯಾಂಡು, ಮಾನಿಟರಿನ ಗುಂಡಿ, ಕೇಸ್ ಶೀಟು ಎಲ್ಲವನ್ನೂ ಮುಟ್ಟಿತ್ತೇ ಎಂದು ಯಾರೂ ಕೇಳುವುದಿಲ್ಲ. ಗ್ಲೌಸ್ ಇದ್ದರೆ ಕೈ ತೊಳೆಯಬೇಕಿಲ್ಲ ಎಂಬ ಈ ನಂಬಿಕೆ ಕಂಡರೆ ನನಗೆ ತಡೆಯಲಾರದ ಸಿಟ್ಟು.

ಗ್ಲೌಸಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರಬಹುದು. ಕಳಚುವಾಗ ಹೊರಗಿನ ಕೊಳೆ ಬೆರಳಿಗೂ ಮಣಿಕಟ್ಟಿಗೂ ಹತ್ತುತ್ತದೆ. ಒಳಗೆ ಬೆವೆತ ಚರ್ಮದ ಮೇಲೆ ರೋಗಾಣುಗಳು ಬೆಳೆಯುತ್ತವೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ, ಗ್ಲೌಸ್ ಕೈ ಶುದ್ಧಿಗೆ ಬದಲಿಯಲ್ಲ, ಕಳಚಿದ ಮೇಲೂ ಕೈ ಶುಚಿ ಮಾಡಲೇಬೇಕು ಎನ್ನುತ್ತದೆ. ತೊಟ್ಟ ಗ್ಲೌಸಿಗೇ ಸ್ಯಾನಿಟೈಸರ್ ಉಜ್ಜಿ ಮುಂದಿನ ಮಗುವಿನ ಬಳಿ ಹೋಗುವುದಂತೂ ಸಲ್ಲದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಚರ್ಮ ತೆಳು, ರೋಗನಿರೋಧಕ ಶಕ್ತಿ ಕಡಿಮೆ, ಜೊತೆಗೆ ರಕ್ತನಾಳದಲ್ಲಿ ನಳಿಕೆ. ನಮ್ಮ ದೇಶದ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳನ್ನು (ಎನ್‌ಐಸಿಯು) ಕಾಡುವ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಒಂದು ಕೂಸಿನಿಂದ ಇನ್ನೊಂದಕ್ಕೆ ದಾಟುವುದು ಮುಖ್ಯವಾಗಿ ಆರೈಕೆ ಮಾಡುವವರ ಕೈಗಳ ಮೂಲಕ.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ನರ್ಸ್‌ಗಳು 2018ರಲ್ಲಿ ಅನಗತ್ಯ ಗ್ಲೌಸ್ ಬಿಡಿಸುವ ಅಭಿಯಾನವನ್ನೇ ನಡೆಸಿದರು. ರಕ್ತ, ದೇಹದ ದ್ರವ ಅಥವಾ ಅಪಾಯಕಾರಿ ರಾಸಾಯನಿಕ ತಾಗುವಂತಿದ್ದರೆ ಗ್ಲೌಸ್, ಇಲ್ಲದಿದ್ದರೆ ಶುಚಿಯಾದ ಬರಿಗೈ. ಒಂದು ವರ್ಷದಲ್ಲಿ ಬಳಕೆ ಸುಮಾರು ಮೂರನೇ ಒಂದರಷ್ಟು ತಗ್ಗಿತು, 21 ಟನ್ ಪ್ಲಾಸ್ಟಿಕ್ ಉಳಿಯಿತು.

ಸ್ಯಾನಿಟೈಸರ್ ಚರ್ಮ ಕೆಡಿಸುತ್ತದೆ ಎನ್ನುವವರಿಗೆ: ಗ್ಲಿಸರಿನ್ ಬೆರೆತದ್ದು ಪದೇ ಪದೇ ಸೋಪು ಹಚ್ಚುವುದಕ್ಕಿಂತ ಮೃದು. ಅದೊಂದೇ ಸಾಕು ಎನ್ನುವವರಿಗೆ: ಕೊಳೆ ಕಾಣುತ್ತಿದ್ದರೆ, ಕ್ಲಾಸ್ಟ್ರಿಡಿಯಂ ಡಿಫಿಸೈಲ್ ಭೇದಿಯಿದ್ದರೆ ಸೋಪು ನೀರೇ ಬೇಕು. ಬಿಸಿನೀರಿನಿಂದ ವಿಶೇಷ ಲಾಭವಿಲ್ಲ.

ಕಣ್ಣಿಗೆ ಕಂಡದ್ದನ್ನೇ ಶುದ್ಧಿ ಎಂದು ನಂಬುವ ಚಾಳಿ ವಾರ್ಡಿಗಷ್ಟೇ ಸೀಮಿತವಲ್ಲ. ಸಿಹಿ ಅಂಗಡಿಯಲ್ಲಿ ಗ್ಲೌಸ್ ತೊಟ್ಟ ಕೈ ನೋಟು ಎಣಿಸಿ, ಅದರಲ್ಲೇ ಜಿಲೇಬಿ ತೆಗೆದುಕೊಟ್ಟರೂ ನಾವು ತೃಪ್ತರು. ಹಾಗೆಂದು ವಾರ್ಡಿನ ಎಲ್ಲ ತಪ್ಪನ್ನೂ ನರ್ಸ್‌ಗಳ ಮೇಲೆ ಹೊರಿಸುವುದೂ ನ್ಯಾಯವಲ್ಲ. ಒಬ್ಬರಿಗೇ ಹತ್ತಾರು ಮಕ್ಕಳನ್ನು ಒಪ್ಪಿಸಿ, ಸಿಂಕನ್ನು ವಾರ್ಡಿನ ಆಚೆ ತುದಿಯಲ್ಲಿಟ್ಟರೆ ಯಾವ ನಿಯಮ ನಡೆದೀತು? ಆಡಳಿತದವರು ಪ್ರತಿ ಮಂಚದ ಬಳಿ ಸ್ಯಾನಿಟೈಸರ್ ಇಡಲಿ. ಹೆತ್ತವರು ಮೊದಲು ತಮ್ಮ ಕೈ ತೊಳೆದು, ಆಮೇಲೆ ಸಂಕೋಚವಿಲ್ಲದೆ ಕೇಳಲಿ: “ಸಿಸ್ಟರ್, ಕೈ ತೊಳೆದಿರಾ?”