ನಿಮಗಿದು ಗೊತ್ತೆ? ಸುತ್ತು ಕಡಿಮೆ, ವೇಗ ಜಾಸ್ತಿ
ಬ್ರಷ್‌ಲೆಸ್ ಮೋಟರಿನಲ್ಲಿ ತಿರುಗುವುದು ಅಯಸ್ಕಾಂತ. ತಾಮ್ರದ ವೈಂಡಿಂಗ್ ಕದಲುವುದಿಲ್ಲ. ಆ ತಂತಿಯ ಸುತ್ತುಗಳನ್ನು ಅರ್ಧಕ್ಕಿಳಿಸಿದರೆ ಅದೇ ವೋಲ್ಟೇಜಿಗೆ ಮೋಟರಿನ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ಮೊದಲಿನಷ್ಟೇ ಟಾರ್ಕ್ ಸಿಗಲು ಕರೆಂಟ್ ಕೂಡ ಇಮ್ಮಡಿ ಬೇಕು. ರಿಮೋಟ್ ಕಾರುಗಳ ರೇಸಿನಲ್ಲಂತೂ ಮೋಟರುಗಳನ್ನು 21.5, 17.5, 13.5 ಎಂದು ಸುತ್ತಿನ ಲೆಕ್ಕದಲ್ಲೇ ಗುರುತಿಸುತ್ತಾರೆ. ತಂತಿ ಒಂದು ತುದಿಯಲ್ಲಿ ಒಳಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬರುವುದರಿಂದ ಆ ಅರ್ಧ ಸುತ್ತು!

ಸುತ್ತು ಹೆಚ್ಚಿದ್ದರೆ ಮೋಟರಿಗೆ ಬಲವೂ ಹೆಚ್ಚು ಎನ್ನುವುದು ಮಾತ್ರ ಅರ್ಧಸತ್ಯ. ಸುತ್ತು ಹೆಚ್ಚಿದಂತೆ ತಂತಿ ತೆಳುವಾಗಬೇಕು, ಇಲ್ಲದಿದ್ದರೆ ಜಾಗ ಸಾಲದು. ತೆಳು ತಂತಿಯಲ್ಲಿ ರೋಧ ಜಾಸ್ತಿ. ತುಂಬಿದ ತಾಮ್ರ ಅಷ್ಟೇ ಆಗಿದ್ದರೆ, ಅಷ್ಟೇ ಬಿಸಿಗೆ ಸಿಗುವ ಟಾರ್ಕ್ ಕೂಡ ಅಷ್ಟೇ. ಹಾಗಾಗಿ ವಿದ್ಯುತ್ ವಾಹನದ ವಿನ್ಯಾಸಕಾರರು ಸುತ್ತಿನ ಸಂಖ್ಯೆಯನ್ನು ಬ್ಯಾಟರಿಯ ವೋಲ್ಟೇಜ್ ಮತ್ತು ಕಂಟ್ರೋಲರ್ ತಾಳುವ ಕರೆಂಟ್ ನೋಡಿ ನಿರ್ಧರಿಸುತ್ತಾರೆ.