ಬಳೆಗಾರ ಗುಂಡಿನ ಅಕ್ಷರ ಊರ ಗೋಡೆಯ ಮೇಲೆ: ಪುಟ್ಟ ಪ್ರೊಜೆಕ್ಟರ್ ಕೊಳ್ಳುವವರ ತಪ್ಪು ಕಲ್ಪನೆಗಳು

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ, ದೇವಸ್ಥಾನದ ಹತ್ತಿರ, ಒಂದು ಇಳಿಜಾರು ಬಂಡೆಯಿದೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗವಾದ್ದರಿಂದ ಅದಕ್ಕೆ ಬಳೆಗಾರ ಗುಂಡು ಎಂಬ ಹೆಸರು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿಯೂ ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿಯೂ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಈ ಬಂಡೆಯ ಬ್ರಾಹ್ಮಿ ಅಕ್ಷರಗಳು ಬಹಳ ಸವೆದಿವೆ. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದ ಹಿರಿಯರು ಬೆಟ್ಟದ ಬುಡದಲ್ಲೇ ಬದುಕಿದ್ದರೂ ಅವನ್ನು ಕಂಡಿಲ್ಲ.

ಅವರಿಗೆ ತೋರಿಸಬೇಕೆಂದೇ ನಾನು ಕೈಚೀಲದಲ್ಲಿ ಹಿಡಿಯುವ ಒಂದು ಪ್ರೊಜೆಕ್ಟರ್ ಇಟ್ಟುಕೊಂಡಿದ್ದೇನೆ. ರಾತ್ರಿ ಊಟವಾದ ಮೇಲೆ ಯಾರದ್ದಾದರೂ ಮನೆಯ ಗೋಡೆಯ ಮೇಲೆ ಶಾಸನದ ಚಿತ್ರಗಳನ್ನು ಹಾಕುತ್ತೇನೆ. ಮುಗಿದ ಮೇಲೆ ಒಬ್ಬರಲ್ಲ ಒಬ್ಬರು ಪಕ್ಕಕ್ಕೆ ಬಂದು ಕೇಳುತ್ತಾರೆ: “ನಮಗೂ ಇಂಥದ್ದೊಂದು ಬೇಕಿತ್ತು ಸಾರ್, ಯಾವುದು ತಗೊಳ್ಳೋದು?” ಶಾಲೆಯ ಮೇಷ್ಟ್ರು ಪಾಠಕ್ಕೆ ಕೇಳುತ್ತಾರೆ, ರೇಷ್ಮೆ ಸೀರೆ ನೇಯುವವರು ಗಿರಾಕಿಗಳಿಗೆ ವಿನ್ಯಾಸ ತೋರಿಸಲು, ಹುಡುಗರು ಸಿನಿಮಾ, ಕ್ರಿಕೆಟ್‌ಗೆ. ಅವರ ಮಾತಿನಲ್ಲಿ ಮತ್ತೆ ಮತ್ತೆ ಕೇಳಿಬರುವ ನಂಬಿಕೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

“ಡಬ್ಬಿ ಮೇಲೆ 9,000 ಲ್ಯೂಮೆನ್ಸ್ ಅಂತಿದೆ, ಹಗಲಲ್ಲೂ ಕಾಣುತ್ತೆ.”

ಹೆಚ್ಚು ಜನ ಹಣ ಕಳೆದುಕೊಳ್ಳುವುದು ಇಲ್ಲೇ. ಒಳಗಿನ ದೀಪ ಹೊಮ್ಮಿಸುವ ಬೆಳಕು ಬೇರೆ, ಮಸೂರ ದಾಟಿ ಗೋಡೆ ಮುಟ್ಟುವ ಬೆಳಕು ಬೇರೆ. ಅಗ್ಗದ ಡಬ್ಬಿಗಳ ಮೇಲಿನ ದೊಡ್ಡ ಅಂಕಿ ಎಷ್ಟೋ ಸಲ ದೀಪದ್ದು, ಕೆಲವು ಸಲ ಯಾವ ಅಳತೆಗೂ ಸೇರದ್ದು. ನಂಬಬೇಕಾದದ್ದು ‘ಆನ್ಸಿ’ ಅಥವಾ ‘ಐಎಸ್‌ಒ’ ಎಂದು ಸ್ಪಷ್ಟವಾಗಿ ಬರೆದ ಲ್ಯೂಮೆನ್ಸನ್ನು. ಪೂರ್ತಿ ಬಿಳಿ ಚಿತ್ರ ಹಾಕಿ, ಅದನ್ನು ಒಂಬತ್ತು ಭಾಗ ಮಾಡಿ, ಪ್ರತಿ ಭಾಗದ ನಡುವೆ ಬೆಳಕು ಅಳೆದು, ಸರಾಸರಿಯನ್ನು ಚಿತ್ರದ ವಿಸ್ತೀರ್ಣದಿಂದ ಗುಣಿಸಿದರೆ ಬರುವ ಲೆಕ್ಕ ಅದು. ಬ್ಯಾಟರಿಯಲ್ಲಿ ಓಡುವ ಪುಟ್ಟ ಪ್ರೊಜೆಕ್ಟರುಗಳಲ್ಲಿ ಸಾಮಾನ್ಯವಾಗಿ ಇದು ಕೆಲವು ನೂರು ಮಾತ್ರ.

ಕೆಲವು ನೂರು ಕಡಿಮೆಯೇನಲ್ಲ, ಕತ್ತಲಿರಬೇಕು ಅಷ್ಟೆ. 300 ಲ್ಯೂಮೆನ್ಸಿನ ಬೆಳಕನ್ನು 60 ಇಂಚಿನ ಚಿತ್ರಕ್ಕೆ ಹರಡಿದರೆ ಗೋಡೆಯ ಮೇಲೆ ಸುಮಾರು 300 ಲಕ್ಸ್ (ಚದರ ಮೀಟರಿಗೆ ಇಷ್ಟು ಲ್ಯೂಮೆನ್ಸ್ ಎಂಬ ಅಳತೆ) ಬೀಳುತ್ತದೆ. ಕತ್ತಲ ಕೋಣೆಯಲ್ಲಿ ಅದು ಕಣ್ಣಿಗೆ ಹಬ್ಬ. ಟ್ಯೂಬ್‌ಲೈಟ್ ಉರಿಯುವ ತರಗತಿಯಲ್ಲಿ ಮೊದಲೇ 200–300 ಲಕ್ಸ್ ಬೆಳಕಿರುತ್ತದೆ. ಬಿಸಿಲಿಗಂತೂ ಲಕ್ಷ ಲಕ್ಸ್, ಮರದ ನೆರಳಿಗೇ ಕೆಲವು ಸಾವಿರ.

ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಹಾಕಲು ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಚಿತ್ರದಲ್ಲಿ ಕಪ್ಪಾಗಿ ಕಾಣುವುದು ಅದು ಬೆಳಕು ಬಿಡದ ಜಾಗ. ಕೋಣೆಯ ದೀಪ ಗೋಡೆಯ ಮೇಲೆ ಬಿದ್ದಿದ್ದರೆ ಆ ಕಪ್ಪು ಬೂದುಬಣ್ಣವಾಗುತ್ತದೆ. ಸವೆದ ಶಾಸನದಲ್ಲಿ ಅಕ್ಷರ ಅಂದರೆ ಬಂಡೆಯ ಗೀರಿನೊಳಗೆ ಬಿದ್ದ ನೆರಳು. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಕಷ್ಟಪಟ್ಟು ತೆಗೆದ ಆ ನೆರಳನ್ನು ಬೀದಿಯ ಒಂದು ಎಲ್‌ಇಡಿ ದೀಪ ಅಳಿಸಿಬಿಡುತ್ತದೆ. ಹಾಗಾಗಿ ಅಂಗಳಕ್ಕಿಂತ ಪಡಸಾಲೆಯೇ ಮೇಲು ಎಂದು ನನಗೆ ಅನುಭವವಾಗಿದೆ.

“ಒಂದೇ ಪ್ರೊಜೆಕ್ಟರ್ ಪಾಠಕ್ಕೂ ಆಯ್ತು, ಸಿನಿಮಾಗೂ ಆಯ್ತು.”

ಹಗಲಿನ ತರಗತಿಗೆ 3,000 ಲ್ಯೂಮೆನ್ಸ್ ಅಥವಾ ಅದಕ್ಕೂ ಹೆಚ್ಚು ಬೇಕು. ಅಂಥದ್ದು ಗೋಡೆಯ ಪ್ಲಗ್ಗಿನಿಂದ ಓಡುವ, ಎರಡು ಮೂರು ಕಿಲೋ ತೂಗುವ ಯಂತ್ರ. ಬೆನ್ನಿಗೆ ಹಾಕಿಕೊಂಡು ಊರೂರಿಗೆ ಒಯ್ಯುವಂಥದ್ದು ಅಷ್ಟು ಬೆಳಕು ಕೊಡುವುದಿಲ್ಲ. ಶಾಲೆಯವರು ಕೇಳಿದರೆ ನಾನು ಪುಟ್ಟ ಪ್ರೊಜೆಕ್ಟರ್ ಬೇಡವೆಂದೇ ಹೇಳುತ್ತೇನೆ. ಸಂಜೆ ಮನೆಯಲ್ಲಿ ಸಿನಿಮಾ ನೋಡುವವರಿಗೆ, ಊರಿಂದೂರಿಗೆ ಹೋಗಿ ತೋರಿಸುವವರಿಗೆ ಅದು ಹೇಳಿ ಮಾಡಿಸಿದ್ದು.

“200 ಇಂಚು ಬರುತ್ತಂತೆ.”

ಬರುತ್ತದೆ, ಆದರೆ ಮಂಕಾಗಿ. ಚಿತ್ರದ ಅಗಲ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು, ಬೆಳಕು ಕಾಲು ಭಾಗ. 60 ಇಂಚಿನಲ್ಲಿದ್ದ 300 ಲಕ್ಸ್ 120 ಇಂಚಿಗೆ 75ಕ್ಕೆ ಇಳಿಯುತ್ತದೆ. ಜಾಗದ ಲೆಕ್ಕವನ್ನೂ ಮೊದಲೇ ಹಾಕಿ: ‘ಥ್ರೋ’ ಅನುಪಾತ, ಅಂದರೆ ಗೋಡೆಯ ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ, 1.2 ಎಂದಿದ್ದರೆ, 2.2 ಮೀಟರ್ ಅಗಲದ 100 ಇಂಚಿನ ಚಿತ್ರಕ್ಕೆ ಪ್ರೊಜೆಕ್ಟರ್ ಸುಮಾರು 2.7 ಮೀಟರ್ ಹಿಂದಿರಬೇಕು.

“4ಕೆ ಸಪೋರ್ಟ್ ಇದೆ.”

4ಕೆ ಫೈಲನ್ನು ಓದುತ್ತದೆ ಎಂದಷ್ಟೇ ಅದರ ಅರ್ಥ. ಗೋಡೆಗೆ ಬೀಳುವುದು ಒಳಗಿನ ಚಿಪ್ಪಿನಲ್ಲಿ ಎಷ್ಟು ಚುಕ್ಕಿಗಳಿವೆಯೋ ಅಷ್ಟೇ. ಅದಕ್ಕೆ ‘ನೇಟಿವ್’ ರೆಸಲ್ಯೂಶನ್ ಎನ್ನುತ್ತಾರೆ, ಕೇಳಬೇಕಾದದ್ದು ಅದನ್ನೇ. 854×480 ಎಂದರೆ ಸುಮಾರು 4 ಲಕ್ಷ ಚುಕ್ಕಿ, 1280×720 ಎಂದರೆ 9 ಲಕ್ಷ, 1920×1080 ಎಂದರೆ 20 ಲಕ್ಷಕ್ಕೂ ಮೇಲೆ. ಸಿನಿಮಾದಲ್ಲಿ ಕಡಿಮೆ ಚುಕ್ಕಿಯ ಕೊರತೆ ಅಷ್ಟಾಗಿ ಕಾಣದು, ಕನ್ನಡ ಬರಹದಲ್ಲಿ ಕಾಣುತ್ತದೆ. ‘ಪ’ಕ್ಕೂ ‘ಷ’ಕ್ಕೂ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೀಟು, ‘ಪ’ಕ್ಕೂ ‘ಫ’ಕ್ಕೂ ನಡುವೆ ಕೆಳಗಿನ ಒಂದು ಸೀಳು. ಸಣ್ಣ ಅಕ್ಷರದಲ್ಲಿ ಮೊದಲು ಕಲಸಿಹೋಗುವುದು ಒತ್ತಕ್ಷರ. ಬರಹ ತೋರಿಸುವವರು ನೇಟಿವ್ 1080ಕ್ಕಿಂತ ಕೆಳಗೆ ಇಳಿಯಬಾರದು.

“ಎಲ್ಲಿಟ್ಟರೂ ಕೀಸ್ಟೋನ್ ಸರಿಮಾಡುತ್ತೆ.”

ಓರೆಯಾದ ಚಿತ್ರವನ್ನು ಅದು ನೇರ ಮಾಡುವುದು ಅಂಚಿನ ಚುಕ್ಕಿಗಳನ್ನು ಬಿಟ್ಟುಕೊಟ್ಟು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಗೋಡೆಗೆ ನೇರವಾಗಿಟ್ಟರೆ ಅದರ ಅಗತ್ಯವೇ ಬೀಳದು.

“ಕರೆಂಟ್ ಹೋದರೂ ಎರಡೂವರೆ ತಾಸು ಓಡುತ್ತೆ.”

ಆ ತಾಸಿನ ಲೆಕ್ಕ ಬೆಳಕು ಇಳಿಸಿದ ಸ್ಥಿತಿಯದ್ದು. ಎಷ್ಟೋ ಪ್ರೊಜೆಕ್ಟರುಗಳು ಪ್ಲಗ್ ಕಿತ್ತೊಡನೆ ತಾವಾಗಿಯೇ ಮಂಕಾಗುತ್ತವೆ. ಪವರ್ ಬ್ಯಾಂಕ್ ಜೋಡಿಸುವುದಾದರೆ ಎಂಎಎಚ್ ನೋಡಬೇಡಿ, ವ್ಯಾಟ್-ಅವರ್ ನೋಡಿ. 20,000 ಎಂಎಎಚ್‌ನ ಪವರ್ ಬ್ಯಾಂಕಿನಲ್ಲಿ ಇರುವುದು ಸುಮಾರು 74 ವ್ಯಾಟ್-ಅವರ್. 60 ವ್ಯಾಟ್ ಎಳೆಯುವ ಪ್ರೊಜೆಕ್ಟರ್ ಅದರಲ್ಲಿ ಹೆಚ್ಚೆಂದರೆ ಒಂದು ತಾಸು ಓಡೀತು. ಅದೂ ಪವರ್ ಬ್ಯಾಂಕು ಅಷ್ಟು ವ್ಯಾಟ್ ಕೊಡಬಲ್ಲದಾದರೆ.

“ಪರದೆ ಯಾಕೆ, ಪಂಚೆ ಕಟ್ಟಿದರಾಯ್ತು.”

ತೆಳು ಪಂಚೆಯಲ್ಲಿ ಬೆಳಕು ಹಿಂದಕ್ಕೆ ಸೋರಿಹೋಗುತ್ತದೆ, ಗಾಳಿಗೆ ಅಕ್ಷರ ಅಲೆಯಾಡುತ್ತದೆ. ಒಂದು ಮನೆಯಲ್ಲಿ ಪ್ರೀತಿಯಿಂದ ಬಿಳಿ ರೇಷ್ಮೆ ಬಟ್ಟೆಯನ್ನೇ ತಂದು ಬಿಗಿದು ಕಟ್ಟಿದರು. ನಮ್ಮ ಸೀಮೆಯ ರೇಷ್ಮೆಯ ಹೊಳಪು ಮದುವೆಮನೆಗೆ ಚೆಂದ, ಇಲ್ಲಿ ನಡುವೆ ಒಂದು ಕಡೆ ಬೆಳಕು ಗುಪ್ಪೆಯಾಗಿ ಪಕ್ಕದಲ್ಲಿ ಕೂತವರಿಗೆ ಏನೂ ಕಾಣಲಿಲ್ಲ. ಹೊಳಪಿಲ್ಲದ, ನಯವಾಗಿ ಗಾರೆ ಮಾಡಿ ಬಿಳಿ ಬಳಿದ ಗೋಡೆ ಇವೆಲ್ಲಕ್ಕಿಂತ ಉತ್ತಮ.

“ಮೊಬೈಲ್ ಇದ್ದರೆ ಸಾಕು, ಎಲ್ಲ ತೋರಿಸಬಹುದು.”

ಎಲ್ಲ ಫೋನುಗಳ ಯುಎಸ್‌ಬಿ-ಸಿ ಕಿಂಡಿಯಿಂದಲೂ ಚಿತ್ರ ಹೊರಬರುವುದಿಲ್ಲ, ಕಡಿಮೆ ಬೆಲೆಯ ಫೋನುಗಳಲ್ಲಿ ಬಹುತೇಕ ಇಲ್ಲವೇ ಇಲ್ಲ. ನಿಸ್ತಂತುವಾಗಿ ಕಳಿಸಿದರೆ ಕೆಲವು ಸಿನಿಮಾ ಆ್ಯಪ್‌ಗಳು ಬರೀ ಕಪ್ಪು ತೆರೆ ತೋರಿಸುತ್ತವೆ. ಅದು ನಕಲು ತಡೆಯುವ ಬೀಗ, ಪ್ರೊಜೆಕ್ಟರಿನ ದೋಷವಲ್ಲ. ಪೆನ್‌ಡ್ರೈವ್ ಭದ್ರ, ಆದರೆ ಅದು ಎಫ್‌ಎಟಿ32 ಮಾದರಿಯದಾದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸದು.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಮಾಡಿದ ಸ್ಲೈಡುಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಒಮ್ಮೆ ಇಪ್ಪತ್ತು ಜನರ ಮುಂದೆ ನನಗೇ ಹೀಗಾಗಿ, ಆ ರಾತ್ರಿ ಚಿತ್ರಗಳಷ್ಟನ್ನೇ ತೋರಿಸಿ ಬಾಯಿಮಾತಿನಲ್ಲಿ ವಿವರಿಸಬೇಕಾಯಿತು. ಈಗ ಯೂನಿಕೋಡಿನಲ್ಲಿ ಬರೆಯುತ್ತೇನೆ, ಪಿಡಿಎಫ್ ಮಾಡಿಯೇ ಒಯ್ಯುತ್ತೇನೆ.

“ವರ್ಷಕ್ಕೊಂದು ಸಲ ಬಲ್ಬ್ ಬದಲಿಸಬೇಕು.”

ಹಳೆಯ ದೀಪದ ಪ್ರೊಜೆಕ್ಟರುಗಳ ಮಾತು ಅದು. ಎಲ್‌ಇಡಿ ದೀಪಕ್ಕೆ ತಯಾರಕರು 20,000 ತಾಸಿನಷ್ಟು ಆಯುಷ್ಯ ಹೇಳುತ್ತಾರೆ. ಚಳ್ಳಕೆರೆ, ಮೊಳಕಾಲ್ಮೂರಿನ ಒಣ ಸೀಮೆಯಲ್ಲಿ ದೀಪಕ್ಕಿಂತ ಮೊದಲು ಕಾಡುವುದು ಧೂಳು. ಅಗ್ಗದವುಗಳಲ್ಲಿ ಒಳಭಾಗ ಮುಚ್ಚಿರುವುದಿಲ್ಲ, ಧೂಳು ಹೊಕ್ಕು ಗೋಡೆಯ ಮೇಲೆ ಮಚ್ಚೆಯಾಗಿ ನಿಲ್ಲುತ್ತದೆ. ‘ಸೀಲ್ಡ್ ಆಪ್ಟಿಕಲ್ ಎಂಜಿನ್’ ಇದೆಯೇ ಎಂದು ಕೇಳಿ, ಗಾಳಿಕಿಂಡಿಗೆ ಏನೂ ಅಡ್ಡ ಇಡಬೇಡಿ.

ಅಂಗಡಿಗೆ ಹೋಗುವಾಗ ಒಂದು ಪಿಡಿಎಫ್ ಜೊತೆಗಿರಲಿ. ಅದರಲ್ಲಿ ಪ, ಫ, ಷ, ಸ್ತ್ರ, ಕ್ಷ್ಮ ಇರುವ ಒಂದು ಸಾಲು ಸಣ್ಣ ಅಕ್ಷರದಲ್ಲಿ, ನೆರಳು ತುಂಬಿದ ಒಂದು ಫೋಟೊ, ಒಂದು ಪೂರ್ತಿ ಬಿಳಿ ಪುಟ. ನಿಮ್ಮ ಗೋಡೆಯಷ್ಟೇ ದೂರದಲ್ಲಿಟ್ಟು ಹಾಕಿಸಿ, ದೀಪ ಆರಿಸಲು ಹೇಳಿ, ನಿಮ್ಮಲ್ಲಿ ಕೊನೆಯ ಸಾಲಿನವರು ಕೂರುವಷ್ಟು ಹಿಂದೆ ಹೋಗಿ ಓದಿ ನೋಡಿ. ನನ್ನ ಪಿಡಿಎಫ್‌ನಲ್ಲಿ ಆ ಫೋಟೊ ಬಳೆಗಾರ ಗುಂಡಿನದ್ದು. ಅದರಲ್ಲಿ ಒಂದು ಬ್ರಾಹ್ಮಿ ಅಕ್ಷರವಾದರೂ ಬಂಡೆಯಿಂದ ಬೇರೆಯಾಗಿ ಕಂಡರೆ ಮಾತ್ರ ಬೆಲೆ ಕೇಳುತ್ತೇನೆ.